ಬಂಡೆಯ ಬಿರುಕಿನ ಅಮೃತ

ನಾಚಾರಂ, ಹೈದರಾಬಾದ್
೧೪ ಜುಲೈ ೨೦೨೪

ಪ್ರೀತಿಯ ತಮ್ಮ ಅಮೋಲನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಅವ್ವ, ನಾನು ಕ್ಷೇಮ. ಕಾಗದ ತಡವಾಯಿತು, ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನೀನಿರುವ ದಿಲ್‌ಸುಖ್‌ನಗರ ಇಲ್ಲಿಂದ ಎಷ್ಟು ದೂರ? ಆದರೂ ನೀನು ಬರುವುದಿಲ್ಲ, ಫೋನ್ ಎತ್ತುವುದಿಲ್ಲ. ಅದಕ್ಕೇ ಪೆನ್ನು ಹಿಡಿದೆ.

ಅವ್ವನ ಮೊಣಕಾಲು ನೋವಿಗೆಂದು ನಿನ್ನ ಅಂಗಡಿಯಿಂದ ಕಳಿಸಿದ ಶಿಲಾಜಿತ್ತನ್ನು ಬಿಸಿ ಹಾಲಿಗೆ ಹಾಕಿದೆ. ಅಸಲಿಯಾದರೆ ಕರಗಬೇಕು; ಇದು ಕರಗಲಿಲ್ಲ, ಕರಿ ಪುಡಿ ಮೇಲೆ ತೇಲಿತು. ಚಿಟಿಕೆಯಷ್ಟನ್ನು ಸೌಟಿನಲ್ಲಿಟ್ಟು ಒಲೆಗೆ ಹಿಡಿದರೆ ಅಡುಗೆಮನೆ ತುಂಬ ಹೊಸ ರಸ್ತೆಯ ವಾಸನೆ! ನಾನು ದುಡಿಯುವ ಶಾಯಿ ಕಾರ್ಖಾನೆಯಲ್ಲಿ ದಿನವಿಡೀ ಮೂಗಿಗೆ ಬಡಿಯುವ ಡಾಂಬರು ನನಗೆ ಗೊತ್ತಾಗದೇನೋ?

ನೀನು ಕಾರ್ಖಾನೆಗೆ ಬಂದಾಗ ಅಚ್ಚಿನ ಶಾಯಿಗೆ ಬೆರೆಸುವ ಆ ಹೊಳೆಯುವ ಕರಿ ಡಾಂಬರು ಹೆಂಟೆಯ ಕಥೆ ಹೇಳಿದ್ದೆನಲ್ಲ. ಒಂದಾನೊಂದು ಕಾಲದಲ್ಲಿ ಒಂದು ಸಮುದ್ರವಿತ್ತು. ಅದರ ಸಣ್ಣ ಸಣ್ಣ ಜೀವಗಳು ಸತ್ತು ಕೆಸರಿನಡಿ ಹೂತುಹೋದವು. ಭಾರಕ್ಕೆ, ಬಿಸಿಗೆ ಬೆಂದು ಎಣ್ಣೆಯಾದವು. ಭೂಮಿ ಮೈಮುರಿದಾಗ ಮೇಲಿನ ಬಂಡೆ ಸೀಳಿತು. ಎಣ್ಣೆ ಬಿರುಕು ಹಿಡಿದು ಹತ್ತಿತು. ಹತ್ತುತ್ತ ಹತ್ತುತ್ತ ಹಗುರಾದದ್ದು ಆವಿಯಾಯಿತು, ನೀರಿನೊಳಗಿನ ಕ್ರಿಮಿಗಳು ಒಂದಿಷ್ಟು ತಿಂದವು. ಆ ಕ್ರಿಮಿಗಳಿಗೂ ಬೇಡವಾದ ಗಸಿ ಬಿರುಕಿನಲ್ಲೇ ಗಟ್ಟಿಯಾಗಿ ಕೂತಿತು.

ನೀನು ನಕ್ಕಿದ್ದೆ: "ಬಂಡಿಗಲ್ಲಿನ ಒಳಗಿಂದ ಬಂತಂದ್ರ ಇದು ಶಿಲಾಜಿತ್ತಿನ ತಮ್ಮ ಆತಲ್ಲಕ್ಕಾ!"

ಈಗ ಡಬ್ಬಿಯ ಮೇಲೆ "ಬಂಡೆಯ ಬಿರುಕಿನಿಂದ ಬಂದ ಅಮೃತ" ಎಂದು ಅಚ್ಚು ಹಾಕಿಸಿದ್ದೀಯ. ಕ್ರಿಮಿ ಮುಟ್ಟದ್ದನ್ನು ಮುದುಕರ ಹೊಟ್ಟೆಗೆ ಹಾಕುತ್ತೀಯಾ? ನನ್ನ ಕಥೆಯೇ ನಿನಗೆ ಜಾಹೀರಾತಾಯಿತೇ? ರಸ್ತೆಗೆ ಹಾಕು, ಶಾಯಿಗೆ ಹಾಕು, ಯಾರು ಬೇಡವೆಂದರು!

"ಅವ್ವಾ, ಇದು ಡಾಂಬರು, ಬ್ಯಾಡ" ಎಂದರೆ ಅವಳು ನನ್ನ ಮೇಲೇ ಹರಿಹಾಯ್ದಳು: "ತಮ್ಮ ಅಂಗಡಿ ಇಟ್ಟಾನಂತ ನಿನಗ ಹೊಟ್ಟಿಕಿಚ್ಚು. ತಾ ತಿನ್ನಲಾರದ್ದು ನನಗ ಕೊಡ್ತಾನೇನು ನನ್ನ ಮಗ?" ಡಬ್ಬಿಯನ್ನು ತಲೆದಿಂಬಿನಡಿ ಇಟ್ಟುಕೊಂಡಿದ್ದಾಳೆ. ನಾನು ಕಿತ್ತುಕೊಂಡರೆ ಊಟ ಬಿಡುತ್ತಾಳೆ.

ಆ ಮಾಲನ್ನು ಇವತ್ತೇ ಅಂಗಡಿಯಿಂದ ತೆಗೆ. ದೇವರು ನಿನಗೆ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಶಿವದೇವಿ

ತಾ.ಕ.: ನೀನೂ ಮೋಸ ಹೋಗಿರಬಹುದು ಎಂಬ ಆಸೆಯಿಂದ ನಿನ್ನೆ ನಿನ್ನ ಹೆಂಡತಿ ರಶ್ಮಿಗೆ ಫೋನ್ ಮಾಡಿದೆ. "ನೀವೂ ಅದನ್ನ ತಿಂತೀರೇನವಾ?" ಎಂದೆ. ಪಾಪ, ಅವಳಿಗೇನು ಗೊತ್ತು! "ಇಲ್ರೀ ಅಕ್ಕಾರ, ಅದನ್ನ ಮನಿ ಹೊಸ್ತಿಲ ದಾಟಿಸಬ್ಯಾಡ ಅಂದಾರ ಅವರು" ಎಂದಳು. ಅವ್ವನಿಗೆ ಇದನ್ನು ನಾನು ಹೇಳಲಾರೆ. ನೀನೇ ಬಂದು ಆ ತಲೆದಿಂಬಿನಡಿ ಕೈ ಹಾಕು.