ಅರ್ಧ ಗುಳಿಗೆಯ ಪಥ್ಯ

ಕುಷ್ಟಗಿ
ವ್ಯಯ ಸಂವತ್ಸರ, ವೈಶಾಖ ಶುದ್ಧ ಪಂಚಮಿ
೬ ಮೇ ೧೯೪೬

ಪ್ರೀತಿಯ ತಮ್ಮ ಅಮರಪ್ಪನಿಗೆ ಅಕ್ಕ ಪಾರ್ವತೆಮ್ಮನ ಆಶೀರ್ವಾದ.

ಕ್ಷೇಮದ ಮಾತು ಆಮೇಲೆ. ನಿನ್ನ ಸೋದರಸೊಸೆ ಪಂಪಾ ಪಾಸಾದಳು! ಮೂರನೇ ತರಗತಿಯಲ್ಲಿ ಎರಡು ಸಲ ಎಡವಿದವಳು ಈ ಸಲ ದಾಟಿದಳು. ಅವಳ ಶಾಲೆಯಲ್ಲಿ ಪಾಠ ಹೇಳುವ ಉಸ್ತಾನಿ ತಾಜಬೀಯವರು ಬಿಸಿಲಲ್ಲಿ ತಾವೇ ನಡೆದುಬಂದು ಹೇಳಿಹೋದರು. ಮತ್ತೆ ಫೇಲಾದರೆ ಶಾಲೆ ಬಿಡಿಸಿ ಲಗ್ನ ಮಾಡುತ್ತೇನೆಂದು ಪಟ್ಟು ಹಿಡಿದಿದ್ದ ನಮ್ಮ ಮನೆಯವರು, ರೇಷನ್ನಿನಲ್ಲಿ ಸಿಕ್ಕಿದ್ದ ಚೂರು ಸಕ್ಕರೆಯನ್ನು ಓಣಿಗೆಲ್ಲ ಹಂಚಿ ಬಂದರು. ನಾಳೆ ಚಹಾಕ್ಕೆ ಏನು ಹಾಕಲಿ ಎಂದು ಕೇಳಿದೆ. ‘ಬೆಲ್ಲಾ ಹಾಕು, ಯಾರೂ ಸಾಯಂಗಿಲ್ಲ’ ಅಂದರು.

ಇಷ್ಟು ಓದಿ ನೀನು ನಗಬೇಕು. ನಿನ್ನ ಹಿಂದಿನ ಕಾಗದವನ್ನು ನಾಲ್ಕು ಸಲ ಓದಿದೆ. ಕಂಪೌಂಡರನಾಗಿದ್ದೂ ಅಕ್ಕನ ಮಗಳ ಜೀವದ ಜೊತೆ ಆಟವಾಡಿದೆ ಎಂದು ಬರೆದಿದ್ದೀಯ. ಹಾಗೆ ಇನ್ನೊಮ್ಮೆ ಬರೆಯಬೇಡ. ನೀನು ಶಿವರಾತ್ರಿಗೆ ಬಂದಾಗ ನಾನು ಮುಚ್ಚಿಟ್ಟ ಮಾತೊಂದಿದೆ. ಅದನ್ನು ಹೇಳದೆ ನನಗೆ ಈ ಸಂತೋಷ ದಕ್ಕುವುದಿಲ್ಲ.

ಪಂಪಾ ಹೇಗಿದ್ದಳೆಂದು ನಿನಗೆ ಗೊತ್ತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಪಾಠದ ನಡುವೆ ಎದ್ದು ಹೋಗಿ ಕಿಟಕಿಯಲ್ಲಿ ಅಳಿಲು ನೋಡುತ್ತ ನಿಲ್ಲುವಳು. ಪಾಟಿ ಎಲ್ಲೋ, ಬಳಪ ಎಲ್ಲೋ. ಹೊಡೆದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ದೃಷ್ಟಿ ತೆಗೆದೆ. ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದೆ. ಆಗ, ಸಂಕ್ರಾಂತಿ ಹೊತ್ತಿಗೆ, ಸಿಕಂದರಾಬಾದಿನಿಂದ ನಿನ್ನ ಬೆಂಜೆಡ್ರಿನ್ ಗುಳಿಗೆ ಬಂತು. ಯುದ್ಧದಲ್ಲಿ ಸಿಪಾಯಿಗಳು ಎಚ್ಚರವಿರಲು ನುಂಗುತ್ತಿದ್ದ ಗುಳಿಗೆಯೇ ಚಂಚಲ ಮಕ್ಕಳನ್ನು ಒಂದೆಡೆ ಕೂಡಿಸುತ್ತದೆಂದು ಅಮೆರಿಕದ ವೈದ್ಯರು ಬರೆದಿದ್ದಾರೆ, ನಮ್ಮ ದೊಡ್ಡ ಡಾಕ್ಟರರನ್ನು ಕೇಳಿಯೇ ಕಳಿಸಿದ್ದೇನೆ ಎಂದು ನೀನು ತಿಳಿಸಿದ್ದೆ. ಬೆಳಿಗ್ಗೆ ಒಂದು ಎಂದಿತ್ತು. ಊಟದ ವಿಚಾರ ಏನೂ ಇರಲಿಲ್ಲ.

ಪಥ್ಯ ಹೇಳದ ಮದ್ದು ಎಲ್ಲಾದರೂ ಉಂಟೇ? ನೀನು ಬರೆಯಲು ಮರೆತಿದ್ದೀಯ ಎಂದುಕೊಂಡೆ. ನಮ್ಮೂರ ಹೊಳಿಯಪ್ಪ ವೈದ್ಯ ಬೇರು ಕೊಟ್ಟಾಗ ಹೇಳುವ ಪಥ್ಯವನ್ನೇ ಇದಕ್ಕೂ ಹಿಡಿದೆ. ಖಾಲಿ ಹೊಟ್ಟೆಗೆ ಗುಳಿಗೆ. ಆಮೇಲೆ ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಎರಡು ಹೊತ್ತೂ ಸಪ್ಪೆ ನುಚ್ಚು. ಹುಡುಗಿ ಅದನ್ನೂ ಒಲ್ಲೆನೆಂದು ತಾಟು ಸರಿಸುತ್ತಿದ್ದಳು. ‘ಮದ್ದು ಖರೇ ಐತಿ ನೋಡವಾ, ಪಥ್ಯಾ ತಾನ ಮಾಡಸ್ತೈತಿ’ ಎಂದು ಅತ್ತೆಯವರು ಗುಳಿಗೆಯ ಡಬ್ಬಿಗೆ ಕೈಮುಗಿದರು. ನಾನೂ ಹೌದೆಂದೆ. ವಾರ ವಾರಕ್ಕೆ ಅವಳ ಲಂಗದ ಲಾಡಿಯನ್ನು ಬಿಗಿ ಮಾಡಿ ಕಟ್ಟುತ್ತಿದ್ದವಳು ನಾನೇ, ಕಂಡೂ ಸುಮ್ಮನಿದ್ದವಳೂ ನಾನೇ. ಯಾಕೆಂದರೆ ಶಾಲೆಯಲ್ಲಿ ಅವಳು ಕೂತಿದ್ದಳು, ಅಮರಪ್ಪ! ಗುಣಾಕಾರ ಮಾಡುತ್ತಿದ್ದಳು! ನನ್ನ ಆಸೆಯ ಮುಂದೆ ಅವಳ ಹೊಟ್ಟೆ ನನಗೆ ಕಾಣಲಿಲ್ಲ.

ನನ್ನ ಕಣ್ಣು ತೆರೆಸಿದವರು ತಾಜಬೀ. ‘ಹುಡುಗಿ ಛಲೋ ಕೂಡ್ತಾಳ್ರಿ, ಲೆಕ್ಕಾನೂ ಮಾಡ್ತಾಳ. ಆದ್ರ ಹದಿನೈದು ದಿನಾ ಆತು, ಒಮ್ಮಿನೂ ನಕ್ಕಿಲ್ಲ’ ಅಂದರು. ಅಂದೇ ನಿನಗೆ ಬರೆದೆ. ಮಗು ಉಣ್ಣುತ್ತಿಲ್ಲ ಎಂದಷ್ಟೇ ಬರೆದೆ.

ರಜೆ ಬೇಡಿ, ರೈಲು ಹತ್ತಿ, ಕೊಪ್ಪಳದಿಂದ ಮೋಟಾರಿನಲ್ಲಿ ಧೂಳು ತಿಂದು ಬಂದೆ ನೀನು. ಅವಳನ್ನು ಎತ್ತಿಕೊಂಡಾಗ ನಿನ್ನ ಮುಖ ಹೇಗಾಯಿತೆಂದು ನಾನು ಮರೆತಿಲ್ಲ. ನಾವು ಮನೆಮಂದಿಯೆಲ್ಲ ಸೇರಿಯೂ ಕೇಳದ್ದನ್ನು ನೀನು ಕೇಳಿದೆ: ನಿನಗೆ ಹೆಂಗ ಆಗತೈತಿ ಪಂಪಾ? ಅವಳು, ‘ಗುಳಿಗಿ ತಗೊಂಡ್ರ ತಲ್ಯಾಗಿನ ನೊಣಾ ಸುಮ್ನ ಕೂಡ್ತಾವ ಮಾಮಾ. ಆದ್ರ ಸಂಜಿಕ ಅಳು ಬರತೈತಿ’ ಅಂದಳು. ಅರ್ಧ ಗುಳಿಗೆ ಸಾಕು, ಹೊಟ್ಟೆ ತುಂಬ ಉಂಡ ಮೇಲೆ, ಅದೂ ಶಾಲೆಯಿದ್ದ ದಿನ ಮಾತ್ರ, ಇನ್ನೂ ಸೊರಗಿದರೆ ನಿಲ್ಲಿಸಿಬಿಡು ಎಂದು ನನಗೆ ಹೇಳಿದೆ. ನಡುನಡುವೆ ಅವಳನ್ನು ನೀರಿಗೋ, ಪಾಟಿ ಹಂಚಲಿಕ್ಕೋ ಎಬ್ಬಿಸಿರೆಂದು ತಾಜಬೀಯವರನ್ನೂ ನೀನೇ ಕೇಳಿಕೊಂಡೆ. ಗುಳಿಗೆಯೊಂದೇ ಮಗುವನ್ನು ಒಣಗಿಸಿತೆಂದು ನೊಂದು ಹೊರಟೆ. ನಾನು ಬಾಯಿ ಬಿಡಲಿಲ್ಲ. ಹೆತ್ತವಳೇ ಉಪವಾಸ ಕೆಡವಿದಳೆಂದು ಹೇಗೆ ಹೇಳಲಿ? ಅರ್ಧ ತಪ್ಪು ನನ್ನದು, ತಮ್ಮ. ಅದನ್ನು ಇಷ್ಟು ದಿನ ನಿನ್ನ ತಲೆಯ ಮೇಲೆ ಹೊರಿಸಿದ್ದಕ್ಕೆ ಕ್ಷಮಿಸು.

ಅಂದೇ ಪಥ್ಯ ಬಿಸಾಕಿದೆ. ರೊಟ್ಟಿ, ಪುಂಡಿಪಲ್ಯ, ಬೆಣ್ಣೆ ಇಟ್ಟು ಕೂಡಿಸಿದೆ. ಮೊದಲು ಕೆದಕಿದಳು, ಹತ್ತು ದಿನಕ್ಕೆ ಮತ್ತೊಂದು ರೊಟ್ಟಿ ಕೇಳಿದಳು. ಗುಳಿಗೆ ಇಲ್ಲದಿದ್ದರೆ ಪಾಸಾಗುತ್ತಿದ್ದಳೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ನನ್ನ ಮನಸ್ಸು ಹೇಳುತ್ತದೆ. ನೀನು ಬಾರದಿದ್ದರೆ ಪರೀಕ್ಷೆಯವರೆಗೆ ಉಳಿಯುತ್ತಿದ್ದಳೇ ಎಂದರೆ, ಅದಕ್ಕೆ ಉತ್ತರ ಹೇಳಲು ನನಗೆ ಧೈರ್ಯವಿಲ್ಲ. ಕಳಿಸಿದ್ದಕ್ಕೂ ನಿನಗೆ ಋಣಿ, ಓಡಿ ಬಂದು ಅರ್ಧ ಮಾಡಿದ್ದಕ್ಕೂ ಋಣಿ.

ಈಗ ಶಾಲೆಗೆ ಸೂಟಿ, ಗುಳಿಗೆ ನಿಲ್ಲಿಸಿದ್ದೇನೆ. ಮಗಳು ಹಿತ್ತಲ ಬೇವಿನ ಮರದಲ್ಲಿದ್ದಾಳೆ. ಇಳಿ ಎಂದು ಕೂಗಿ ಕೂಗಿ ಅತ್ತೆಯವರ ಗಂಟಲು ಬಿದ್ದಿದೆ. ಶಾಲೆ ತೆರೆದ ಮೇಲೆ ಕೊಡಬೇಕೋ ಬೇಡವೋ, ನಿಮ್ಮ ದೊಡ್ಡ ಡಾಕ್ಟರರನ್ನು ಕೇಳಿ ಬರೆ. ನಾನು ಇಲ್ಲಿ ಪಂಪಾಳನ್ನು ಕೇಳುತ್ತೇನೆ.

ನಿನ್ನನ್ನು ಪಡೆದ ಪುಣ್ಯವಂತೆ,
ಅಕ್ಕ ಪಾರ್ವತೆಮ್ಮ

ತಾ.ಕ.: ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬೈಯಬೇಡ. ಮಗಳಿಗೆ ಏನಾಗುತ್ತದೋ ತಿಳಿಯಲೆಂದು ನೀನು ಹೋದ ಮರುದಿನ ನಾನೇ ಒಂದು ಗುಳಿಗೆ ನುಂಗಿದೆ. ಎದೆ ಹೊಡೆದುಕೊಂಡಿತು, ಊಟ ಸೇರಲಿಲ್ಲ. ಆದರೆ ನಾಲ್ಕು ವರ್ಷದಿಂದ ಅರ್ಧಕ್ಕೆ ಬಿದ್ದಿದ್ದ ಕೌದಿಯನ್ನು ಒಮ್ಮೆಯೂ ಏಳದೆ ಹೊಲಿದು ಮುಗಿಸಿದೆ. ಮುಗಿಸಿದ ಮೇಲೆ ಅಳು ತಡೆಯಲಾಗಲಿಲ್ಲ. ಎಂಟನೇ ವರ್ಷಕ್ಕೆ ನನ್ನನ್ನು ಶಾಲೆ ಬಿಡಿಸುವಾಗ ಅಪ್ಪ, ‘ದಡ್ಡ ಐತಿ ಇದು, ಕುಂತಲ್ಲಿ ಕೂಡಂಗಿಲ್ಲ’ ಅಂದಿದ್ದ. ಆಮೇಲೆ ನಿನ್ನ ಪುಸ್ತಕ ಕದ್ದು ಓದಿ ಕಲಿತದ್ದೇ ಈ ಅಕ್ಷರ. ಆದರೂ ಇಪ್ಪತ್ತೆರಡು ವರ್ಷ ಅಪ್ಪನ ಮಾತನ್ನೇ ನಂಬಿದ್ದೆ. ಅವನು ಈಗ ನಿನ್ನ ಮನೆಯಲ್ಲೇ ಇದ್ದಾನಲ್ಲ, ಈ ನಾಲ್ಕು ಸಾಲು ಅವನಿಗೆ ಓದಿ ಹೇಳು. ಕಿವಿ ಮಂದ, ಜೋರಾಗಿ ಓದು.