ನಿಮ್ಮ ಹಳದಿ ಕಲ್ಲಿಗೆ ನಮ್ಮೂರಲ್ಲಿ ಕಾಯಿ ಒಡೆದಾಯಿತು

ಅಣುತ್ಯಾಜ್ಯ ಆಳಭೂಮಿ ವಿಲೇವಾರಿ ಸ್ಥಳ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಹೊಲದ ಬದುವಿನಲ್ಲಿ ನಿಮ್ಮವರು ನೆಟ್ಟು ಹೋದ ಹಳದಿ ಕಲ್ಲನ್ನು ನಿಮ್ಮ ಯೋಜನೆಗೆ ಒಪ್ಪಿಗೆ ಕೇಳುವ ಗ್ರಾಮಸಭೆಗೆ ಮೊದಲೇ ಕಿತ್ತುಕೊಂಡು ಹೋಗಿ. ಪತ್ರದ ಸಾರಾಂಶ ಇಷ್ಟೇ. ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ, ಲಕ್ಷ ವರ್ಷದ ಕೆಲಸ ಹಚ್ಚಿಕೊಂಡವರು ನೀವು. ಆದರೂ ಕಾರಣ ಹೇಳುತ್ತೇನೆ. ಕನ್ನಡ ಶಾಲೆಯಲ್ಲಿ ಹೆಡ್‌ಬಾಯಿ ಆಗಿ ನಿವೃತ್ತಳಾದವಳು, ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ನನಗಿಲ್ಲ.

ಹೋದ ತಿಂಗಳು ನಮ್ಮ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಶಿರಾ ಉಪ್ಪಿಟ್ಟು ತಿನಿಸಿ, ನಮ್ಮೂರನ್ನು ನೀವು ಹೊಗಳಿದಿರಿ. ಮೊರಬದ ಆಚೆಗಿನ ಈ ಎರಿ ಭೂಮಿಯ ಊರನ್ನು ಅಷ್ಟು ಹೊಗಳಿದವರು ಈವರೆಗೆ ಯಾರೂ ಇಲ್ಲ. ಕೆಳಗೆ ಅಖಂಡ ಕಲ್ಲು, ಭೂಕಂಪದ ಭಯವಿಲ್ಲ, ಜನಸಂಖ್ಯೆಯೂ ವಿರಳ ಎಂದಿರಿ. ಹೌದು, ನಾವು ಹೈಸ್ಕೂಲು ಕೇಳಿದಾಗಲೂ ಸರ್ಕಾರ ಜನಸಂಖ್ಯೆ ವಿರಳ ಎಂದೇ ಹೇಳಿತ್ತು. ಮಕ್ಕಳಿಗೆ ಸಾಲದ ಊರು ಅಣುಕಸಕ್ಕೆ ಸಾಕಾಯಿತಲ್ಲ, ನಮ್ಮ ಪುಣ್ಯ ದೊಡ್ಡದು. ಪರೀಕ್ಷೆಗೆ ಬೋರು ಕೊರೆಯುವ ಜಾಗಕ್ಕೆ ನನ್ನ ಹೊಲವನ್ನೇ ಆರಿಸಿದಿರಿ. ಕಡಲೆ ಬೆಳೆಯುತ್ತಿದ್ದೇನೆ ಅಲ್ಲಿ. ಅದು ನಿಮ್ಮ ನಕ್ಷೆಯಲ್ಲಿ ಕಾಣಲಿಲ್ಲ ಅನ್ನಿಸುತ್ತದೆ.

ಅವತ್ತು ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ: "ನೀವು ಹೂಳ್ತೀರಿ, ಮ್ಯಾಲೆ ಮುಚ್ಚತೀರಿ, ನಿವೃತ್ತಿ ಆಗಿ ಹೋಗ್ತೀರಿ. ಮುಂದ ಹುಟ್ಟಾವರಿಗೆ ಇಲ್ಲಿ ಕೆದರಬಾರದು ಅಂತ ಹೆಂಗ ಗೊತ್ತಾಗಬೇಕ್ರಿ?"

ನಿಮ್ಮ ಕಿರಿಯ ಅಧಿಕಾರಿ ನಕ್ಕರು. "ಚೆನ್ನಾಗಿ ಕೇಳಿದ್ರಿ ಅಮ್ಮ. ಎಚ್ಚರಿಕೆಯ ಕಲ್ಲು ನೆಡ್ತೀವಿ. ಭಾಷೆ ಬರದವರಿಗೂ ಅರ್ಥ ಆಗೋ ಥರ. ಜಗತ್ತಿನ ದೊಡ್ಡ ದೊಡ್ಡ ತಜ್ಞರು ಕೂತು ಯೋಚನೆ ಮಾಡಿದಾರೆ."

ಶಿವನೇ! ಕಲ್ಲಂತೆ! ಮಾನ್ಯರೇ, ನೆಲದೊಳಗೆ ಹೂಳಿ ಮೇಲೆ ಕಲ್ಲು ಇಡುವ ವಿದ್ಯೆಯಲ್ಲಿ ನಮ್ಮೂರು ನಿಮ್ಮ ಗುರು. ಅದರ ಫಲವನ್ನು ನಮ್ಮ ಮನೆ ಉಂಡಿದೆ, ಕೇಳಿರಿ.

ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ಆಳು ಮುಳುಗುವಷ್ಟು ಆಳದ ನೆಲಗುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಹಾಸುಗಲ್ಲು ಮುಚ್ಚಿ, ಮಣ್ಣೆಳೆದು, ಗುರುತಿಗೆ ಒಂದು ಉದ್ದನೆಯ ಕಲ್ಲು ನಿಲ್ಲಿಸುತ್ತಿದ್ದರು. ಒಳಗೆ ಕೆಟ್ಟ ಗಾಳಿ ನಿಲ್ಲುತ್ತದೆ. ಅದಕ್ಕೇ ಬಾಯಿ ತೆಗೆದವರು ಗಾಳಿಯಾಡಲೆಂದು ಕೆಲ ಹೊತ್ತು ಅದನ್ನು ಹಾಗೇ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಇದು ಆಗ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತು.

ನಮ್ಮ ಮಾವನವರ ಅಪ್ಪ ಹಿತ್ತಲಲ್ಲಿ ಅಂಥದೊಂದು ಹಗೇವು ತೋಡಿಸಿ ಗುರುತಿನ ಕಲ್ಲು ನಿಲ್ಲಿಸಿದ್ದರು. ಮುಂದೆ ಜೋಳ ಚೀಲಕ್ಕೆ ಬಂತು, ಹಗೇವು ಮುಚ್ಚೇ ಉಳಿಯಿತು, ಕಲ್ಲು ನಿಂತೇ ಇತ್ತು. ನಿಂತ ಕಲ್ಲನ್ನು ನಮ್ಮವರು ಸುಮ್ಮನೆ ಬಿಡುತ್ತಾರೆಯೇ? ಯಾರೋ ಅರಿಷಿಣ ಹಚ್ಚಿದರು, ಯಾರದೋ ಎಮ್ಮೆಗೆ ಹಾಲು ಇಳಿಯಿತು, ಕಲ್ಲು ಕಲ್ಲವ್ವ ಆಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೇರೆ ಕಲ್ಲಿಗೆ ಕೈ ಮುಗಿಯಬಾರದೆಂದು ಕಲಿತ ಮನೆತನ ನಮ್ಮದು. ಆದರೂ ನಮ್ಮ ಅತ್ತೆಯೇ ಮೊದಲು ಹೋಳಿಗೆ ಎಡೆ ಹಿಡಿದವರು. ಆಮೇಲೆ ದೇವಿಗೆ ಹಿತ್ತಲ ಸಗಣಿಯಲ್ಲಿ ಅಡಚಣಿ ಆಗುತ್ತದೆಂದು ಊರವರೆಲ್ಲ ಸೇರಿ, ಡೊಳ್ಳು ಬಾರಿಸುತ್ತ ಕಲ್ಲನ್ನು ಕಿತ್ತು ಬಸ್‌ಸ್ಟ್ಯಾಂಡಿನ ಬಾಜು ಗುಡಿ ಕಟ್ಟಿಸಿದರು. ಈಗ ಟೈಲ್ಸ್ ಹಾಕಿದ್ದಾರೆ, ಅಗದಿ ಚಂದ ಕಾಣುತ್ತದೆ. ಹಗೇವು ಮಾತ್ರ ಹಿತ್ತಲಲ್ಲೇ ಉಳಿಯಿತು, ಗುರುತಿಲ್ಲದೆ.

ನನ್ನ ಮೈದುನ ಈರಪ್ಪ ಅಲ್ಲಿ ಪಾಯಖಾನೆಗೆ ಗುಂಡಿ ತೆಗೆಯುತ್ತಿದ್ದಾಗ ಗುದ್ದಲಿ ಹಾಸುಗಲ್ಲಿಗೆ ಬಡಿಯಿತು. "ವೈನೀ, ಬರ್ರಿ ಇಲ್ಲೆ, ಮುತ್ಯಾನ ಹಗೇವು ಸಿಕ್ಕತಿ!" ಎಂದು ಕೂಗಿದ. ಕೈಯಲ್ಲಿದ್ದ ರೊಟ್ಟಿ ಹಿಟ್ಟು ತೊಳೆದುಕೊಂಡು ನಾನು ಹಿತ್ತಲಿಗೆ ಬರುವಷ್ಟರಲ್ಲಿ ಕಲ್ಲು ಸರಿಸಿ ನಗುತ್ತಲೇ ಇಳಿದುಬಿಟ್ಟಿದ್ದ. ಕಂದೀಲಿನ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೂ ಮರೆತಿದ್ದರು. ಹಗ್ಗ ಹಾಕಿ ಮೇಲೆತ್ತಿದಾಗ ಅವನಲ್ಲಿ ಜೀವ ಇರಲಿಲ್ಲ. ಅವನ ಹೆಂಡತಿ ಮೈಲಾರವ್ವ ಇವತ್ತಿಗೂ ಹಿತ್ತಲ ಬಾಗಿಲು ದಾಟುವುದಿಲ್ಲ.

ಇದರಲ್ಲಿ ಕಳ್ಳರು ಯಾರು, ಹೇಳಿ? ಮುಚ್ಚಿಟ್ಟವರು ಯಾರು? ಯಾರೂ ಇಲ್ಲ. ನಾವು ಕೈಮುಗಿಯುತ್ತ ಕೈಮುಗಿಯುತ್ತಲೇ ಮರೆತೆವು. ಅದೂ ಹೂಳಿದ್ದು ಬರೀ ಜೋಳ, ಹೂಳಿದವರು ನಮ್ಮದೇ ಮನೆಯ ಹಿರಿಯರು, ಮೇಲೆ ಓಡಾಡಿದವರು ಅವರದೇ ಮೊಮ್ಮಕ್ಕಳು. ಮೂರು ತಲೆಮಾರು ತಾಳದ ನೆನಪನ್ನು ನೀವು ಲಕ್ಷ ವರ್ಷಕ್ಕೆ ಗುತ್ತಿಗೆ ಹಿಡಿದಿದ್ದೀರಿ! ಕೆಟ್ಟ ಗಾಳಿಗೆ ನಮ್ಮಲ್ಲಿ ಕಂದೀಲಾದರೂ ಇತ್ತು. ನಿಮ್ಮ ಹಗೇವಿಗೆ ಮುಂದಿನವರು ಏನು ಇಳಿಸಿ ನೋಡಬೇಕು? ಮಗನನ್ನೇ?

ಈಗ ನಿಮ್ಮ ಕಲ್ಲಿಗೆ ಬರುತ್ತೇನೆ. ಬೋರು ಕೊರೆಯುವ ದಿನ ನೀವೇ ಭೂಮಿಪೂಜೆ ಮಾಡಿದಿರಿ, ಬೂಟು ಬಿಚ್ಚಿ ಕಾಯಿ ಒಡೆದಿರಿ. ವಿಜ್ಞಾನಿಗಳು, ಬಲು ಸಂತೋಷ. ಆಮೇಲೆ ಗುರುತಿಗೆ ಕಲ್ಲು ನೆಟ್ಟು ಮೈಗೆಲ್ಲ ಹಳದಿ ಬಳಿದಿರಿ, ನಡುವೆ ಕೆಂಪು ಬೊಟ್ಟು ಇಟ್ಟಿರಿ. ಅರಿಷಿಣವೂ ನಿಮ್ಮದೇ, ಕುಂಕುಮವೂ ನಿಮ್ಮದೇ. ನಮ್ಮವರಿಗೆ ಊದುಬತ್ತಿ ತರುವ ಕೆಲಸ ಮಾತ್ರ ಉಳಿಯಿತು. ಬಂದ ಮಂಗಳವಾರವೇ ನಮ್ಮ ಹೊಲದಲ್ಲಿ ಕಸ ತೆಗೆಯುವ ಫಕೀರವ್ವ ಎಡೆ ಹಿಡಿದಳು. "ಇದನ್ನ ಕಿತ್ತ ಒಗೀತೀನಿ" ಎಂದೆ. ಅವಳು ಎರಡೂ ಕೆನ್ನೆ ಬಡಿದುಕೊಂಡಳು: "ಬಿಡ್ತು ಅನ್ರಿ ಬಾಯಾರ! ಕುಂತ ದೇವರನ್ನ ಎಬ್ಬಸ್ತಾರೇನ್ರಿ? ಗ್ರಾಮಸಭಾದಾಗ ನಾವೆಲ್ಲಾ ಕೈ ಎತ್ತಾವ್ರ. ತಾಯಿ ಇಲ್ಲೇ ಇರಲಿ." ಅಂದರೆ ನಿಮ್ಮ ಯೋಜನೆಗೆ ಊರಿನ ಒಪ್ಪಿಗೆ ಸಿಕ್ಕಂತೆಯೇ. ಗುರುತಿನ ಕಲ್ಲೇ ನಿಮಗೆ ಓಟು ತಂದುಕೊಟ್ಟಿತು.

ಫಕೀರವ್ವನ ಮಾತಿಗೆ ನಾನು ನಕ್ಕುಬಿಟ್ಟಿದ್ದೆ. ಮೊನ್ನೆ ಹೊಲಕ್ಕೆ ಹೋದಾಗ ನಗು ಹೋಯಿತು. ಕಲ್ಲಿನ ಮುಂದೆ ಕೂತವಳು ನನ್ನ ಸೊಸೆ ಶೈಲಶ್ರೀ. ಬಿ.ಎಸ್ಸಿ. ಓದಿದವಳು, ಎರಡು ಸಲ ಬಸಿರು ನಿಲ್ಲದೆ ಅತ್ತವಳು, ಈಗ ಏಳು ತಿಂಗಳಲ್ಲಿ ಇದ್ದಾಳೆ. ಕಲ್ಲಿಗೆ ತನ್ನ ಸೀಮಂತದ ಹಸಿರು ಕುಬಸದ ಖಣ ಸುತ್ತಿದ್ದಳು.

"ಲೇ ಶೈಲಾ, ನೀನೂ ಏನ ಬೇ?" ಎಂದೆ.

"ಬೈಬ್ಯಾಡ್ರಿ ಅತ್ತಿ. ಅಷ್ಟು ಓದಿದ ಸಾಹೇಬ್ರೇ ಕಾಯಿ ಒಡದಾರಂದ್ರ ಏನರ ಇದ್ದೇ ಇರ್ತತಿ. ಈ ಸಲ ಕೂಸು ಉಳದ್ರ ಇಲ್ಲೇ ತಂದು ಕುಂಡ್ರಿಸಿ ಹುಟ್ಟಗೂದಲಾ ಬೋಳಿಸಿ ಜಾವಳ ತಗಸ್ತೀನಿ ಅಂತ ಬೇಡ್ಕೊಂಡೀನಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತವಳಿಗೆ ಈ ಕಲ್ಲಿನ ಕೆಳಗೆ ಏನು ಬರಲಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಮಾನ್ಯರೇ, ನಮ್ಮವರು ಯಾರೂ ಅದನ್ನು ಮುಟ್ಟುವುದಿಲ್ಲ. ನೆಟ್ಟವರು ನೀವು, ಕೀಳುವವರೂ ನೀವೇ ಆಗಬೇಕು. ಕಲ್ಲು ಕಿತ್ತು, ನಿಮ್ಮ ನಕ್ಷೆಯಿಂದ ನಮ್ಮೂರನ್ನು ಅಳಿಸಿ. ಅದು ಆಗದಿದ್ದರೆ ಖುದ್ದಾಗಿ ಬಂದು, ಆ ಕೆಳಗೆ ಏನಿಡುತ್ತೀರೆಂದು ಶೈಲಶ್ರೀಯ ಮುಖ ನೋಡಿ ಹೇಳಿ. ಎರಡೂ ಆಗದಿದ್ದರೆ ಜಾವಳಕ್ಕಾದರೂ ಬನ್ನಿ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕಲ್ಲಿಗೆ ಬೆನ್ನು ಹಚ್ಚಿ ನೀವೇ ಕೂಡ್ರಿ.

ಇಂತಿ,
ಒಂದು ಕಲ್ಲಿಗೆ ಮೈದುನನನ್ನು ಕೊಟ್ಟು ಮುಗಿಸಿದ, ಎರಡನೆಯದಕ್ಕೆ ಕೊಡಲು ಯಾರೂ ಇಲ್ಲದ
ಸುಶೀಲವ್ವ
ನಿವೃತ್ತ ಮುಖ್ಯಾಧ್ಯಾಪಕಿ, ನವಲಗುಂದ ತಾಲೂಕು