ಲುಸೇರೊನ ಎಡಗಡೆ

ಪಂಪಾ ವೆರ್ದೆ,
ಬಂಬಾಮಾರ್ಕಾ ಹತ್ತಿರ
ಅಕ್ಟೋಬರ್ ೧೨

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಜೈಲಿನ ತಣ್ಣನೆಯ ನೆಲಕ್ಕೆ ನಿನ್ನ ಸೊಂಟನೋವು ಹೆಚ್ಚಾಗಿದೆಯಂತೆ, ಇಗ್ನಾಸಿಯಾ ಅತ್ತೆ ಹೇಳಿದಳು. ಅವಳ ಕೈಲಿ ಕಳಿಸಿದ ಉಣ್ಣೆಯ ಪಟ್ಟಿ ಬಿಗಿಯಾಗಿ ಕಟ್ಟಿಕೋ. ಅದನ್ನು ನೇಯ್ದದ್ದು ನಾನು. ಒಂದು ಕಡೆ ಸೊಟ್ಟಗಿದೆ, ಗೊತ್ತು. ಒಂದೇ ಕಡೆ ಕೂತು ನೇಯುವಷ್ಟು ತಾಳ್ಮೆ ನನಗೆಲ್ಲಿದೆ? ಶಾಲೆ ಬಿಟ್ಟದ್ದೂ ಅದಕ್ಕೇ. ನಿನ್ನ ದೆಸೆಯಿಂದ ಬಿಟ್ಟೆ ಎಂದು ಅತ್ತೆ ಊರಿಗೆಲ್ಲ ಹೇಳುತ್ತಾಳೆ, ನಂಬಬೇಡ.

ಇಲ್ಲಿ ಬಿತ್ತನೆ ಶುರುವಾಗಿದೆ. ಹಸಿಮಣ್ಣಿನ ವಾಸನೆ ಬಂದರೆ ನನಗೆ ನೀನೇ ನೆನಪು. ನಿನ್ನ ಗೆಳೆಯ ಹಿಲಾರಿಯೋ ಮಾಮನ ಜೋಡಿ ಎತ್ತು ಕೇಳಿ ತಂದು ನಮ್ಮ ಇಳಿಜಾರು ಹೊಲ ಉಳುತ್ತಿದ್ದೆಯಲ್ಲ, ಎಡಕ್ಕೆ ಕನೇಲೊ, ಬಲಕ್ಕೆ ಲುಸೇರೊ. ಹಿಂದೆ ನಾನು ಮೆಕ್ಕೆಜೋಳ ಹಾಕುತ್ತ ಬರುತ್ತಿದ್ದೆ. “ಏ ಇಲಿಮರಿ, ಮೂರು ಕಾಳು ಅಂದ್ರೆ ಮುಷ್ಟಿಗಟ್ಲೆ ಸುರೀತೀಯಲ್ಲೇ, ಕೋಳಿಗೆ ಹಾಕ್ತಿದ್ದೀಯಾ?” ಎಂದು ಬೈಯುತ್ತಿದ್ದೆ. ಸಾಲಿನ ಕೊನೆಯಲ್ಲಿ ನೀನೊಂದು ಸಿಳ್ಳೆ ಹಾಕಿದರೆ ಎರಡೂ ತಾವಾಗಿಯೇ ತಿರುಗುತ್ತಿದ್ದವು. ಅಂಥ ಸಿಳ್ಳೆ ಈ ಬೆಟ್ಟದಲ್ಲಿ ಇನ್ಯಾರಿಗೂ ಬರುವುದಿಲ್ಲ.

ಅದೇ ಸಿಳ್ಳೆಗೆ ತಾನೇ ಕನೇಲೊ ಸದ್ದಿಲ್ಲದೆ ನಿನ್ನ ಹಿಂದೆ ಸಂತೆಯವರೆಗೂ ನಡೆದು ಬಂದದ್ದು? ಕೋಳಿ ಅಂಕದಲ್ಲಿ ಸೋತು ಗೆಳೆಯನ ಎತ್ತನ್ನೇ ಮಾರಿಬಿಟ್ಟೆ. ಊರ ಗಸ್ತಿನವರು ದಾರಿಯಲ್ಲಿ ಸಿಕ್ಕ ಹಗ್ಗವನ್ನು ಸಭೆಯಲ್ಲಿ ಎತ್ತಿ ಹಿಡಿದು ಇದು ಯಾರದು ಎಂದಾಗ, “ನಮ್ಮಪ್ಪಂದು. ಹೆಣೆದೋಳು ನಾನೇ” ಅಂದೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ ಅಪ್ಪಾ. ಆದರೆ ಪೊಲೀಸರು ಕರೆದೊಯ್ಯುವಾಗ ನೀನು ನಿನ್ನ ಹುಲ್ಲಿನ ಟೋಪಿ ತೆಗೆದು ನನ್ನ ತಲೆಗೆ ಇಟ್ಟೆಯಲ್ಲ, ಅದು ಕೋಪವೋ ಪ್ರೀತಿಯೋ ನನಗಿನ್ನೂ ತಿಳಿದಿಲ್ಲ. ನನ್ನ ಒಂದು ಕಾಗದಕ್ಕೂ ನೀನು ಉತ್ತರ ಬರೆಯಲಿಲ್ಲ.

ಲುಸೇರೊ ಈಗಲೂ ಎಡಗಡೆ ಜಾಗ ಬಿಟ್ಟೇ ಮೇಯುತ್ತದೆ. ಬೇರೆ ಎತ್ತು ಕಟ್ಟಿದರೆ ಕೊಂಬು ಬೀಸುತ್ತಿತ್ತು. ಹಿಲಾರಿಯೋ ಮಾಮ ಎರಡು ವರ್ಷ ಗುದ್ದಲಿಯಲ್ಲೇ ಹೊಲ ಅಗೆದ. ಈ ವರ್ಷ ನಮ್ಮ ಪಿಂಟೋ ಹೋರಿಯನ್ನು ದಿನಾ ಅದರ ಎಡಕ್ಕೆ ಕಟ್ಟಿ ಮೇಯಿಸಿದೆ. ನನ್ನ ಕಾಲ ಮೇಲೆ ಗೊರಸು ಬಿದ್ದು ಒಂದು ಉಗುರು ಹೋಯಿತು. ಈಗ ನೊಗ ಹೊರುತ್ತವೆ, ಆದರೆ ಸಾಲಿನ ಕೊನೆಯಲ್ಲಿ ನನ್ನ ಸಿಳ್ಳೆಗೆ ಎರಡೂ ನಿಂತು ನನ್ನ ಮುಖ ನೋಡುತ್ತವೆ. “ನಿಮ್ಮಪ್ಪನ ಬಾಯಿ ನಿನಗೆ ಬರ್ಲಿಲ್ಲ ಬಿಡು ಮಗಾ” ಎಂದು ಹಿಲಾರಿಯೋ ಮಾಮ ನಕ್ಕ. ನಿನ್ನ ಹೆಸರೆತ್ತಿ ಅವನು ನಕ್ಕದ್ದು ಅವತ್ತೇ ಮೊದಲು.

ಊಟ ಬಿಡಬೇಡ. ಅತ್ತೆ ಆಶೀರ್ವಾದ ಹೇಳಿದ್ದಾಳೆ. ನಿನ್ನ ಕಂಬಳಿ ಬಿಸಿಲಿಗೆ ಹಾಕಿಟ್ಟಿದ್ದೇನೆ.

ನಿನ್ನ ಇಲಿಮರಿ,
ದೆಲ್ಮಿರಾ

ಮರೆತೆ, ಕಾಗದ ಒಯ್ಯುವ ಹಾಲಿನ ಲಾರಿ ಹೊರಟು ನಿಂತಿದೆ. ಶುಕ್ರವಾರ ಬಿಡುಗಡೆಯಾದರೆ ನೀನು ನೇರ ಕರಾವಳಿಗೆ ಹೋಗುತ್ತೀಯಂತೆ, ಊರಿಗೆ ಮುಖ ತೋರಿಸುವುದಿಲ್ಲವಂತೆ, ಅತ್ತೆ ಬಾಯಿಬಿಟ್ಟಳು. ಭಾನುವಾರದ ಸಭೆಯಲ್ಲಿ, ನೀನು ಬಂದರೆ ಊರ ರೂಢಿಯಂತೆ ಚಾಟಿಯೇಟು ಕೊಡಬೇಕೆಂಬ ಮಾತು ಬಂದಾಗ ಹಿಲಾರಿಯೋ ಮಾಮ ಎದ್ದು, “ಚಾಟಿ ಗೀಟಿ ಬೇಡ. ಅವನೇ ಬಂದು ಎಲ್ರೆದುರು ನನ್ನ ಹೊಲ ಉಳ್ಲಿ, ಅಷ್ಟು ಸಾಕು” ಎಂದ. ಬರ್ತಾನಾ ಎಂದು ಎಲ್ಲರೂ ನನ್ನನ್ನೇ ಕೇಳಿದರು. ನಾನು ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ಗೊತ್ತು. ಬರ್ತಾನೆ ಅಂದುಬಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತು ಎಂದದ್ದು ಇದೇ ಮೊದಲು. ನನ್ನನ್ನು ಸುಳ್ಳಿ ಮಾಡಬೇಡಪ್ಪಾ.